ಬದುವಿನಾಚೆ ಬೆಳೆದವನು ವೈರಿಯೋ, ನಂಟನೋ?

ಪ್ರಶ್ನೆ: ಸರ್, ಚನ್ನಗಿರಿ ಹತ್ತಿರ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. 2025ರ ಮುಂಗಾರಿನಲ್ಲಿ ಡ್ರಿಪ್‌ಗೆ ಬಿಡುವ 19:19:19 ಗೊಬ್ಬರಕ್ಕೆ ಅಂಗಡಿ ಅಂಗಡಿ ಅಲೆದೆ. ‘ಚೀನಾದಿಂದ ಮಾಲು ಬರ್ತಿಲ್ಲ’ ಅಂದರು. 2020ರಲ್ಲಿ ಚೀನಾ ಮಾಲು ಬೇಡ ಅಂತ ಅದೇ ಅಂಗಡಿ ಮುಂದೆ ಕೂಗಿದವರಲ್ಲಿ ನಾನೂ ಒಬ್ಬ. ಚೀನಾ ನಮಗೆ ವೈರಿಯಾ, ದೋಸ್ತಾ? ಬೆಳೆಯೋ ದೇಶ ಜಗಳಕ್ಕೇ ಬರೋದು ಅಂತಾನೆ ನನ್ನ ಮಗ. ಹೌದಾ?

ಉತ್ತರ: ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಬ್ರಿಟನ್ನಿನ ಕಥೆ ನೋಡಿ. 19ನೇ ಶತಮಾನದ ಕೊನೆಗೆ ಅದರ ಕಣ್ಣೆದುರೇ ಅಮೆರಿಕ, ಜರ್ಮನಿ ಎರಡೂ ಬೆಳೆದು ನಿಂತವು. 1895ರಲ್ಲಿ ವೆನೆಜುವೆಲಾದ ಜೊತೆ ಬ್ರಿಟನ್ನಿಗಿದ್ದ ಗಡಿ ತಕರಾರಿನಲ್ಲಿ ಅಮೆರಿಕ ತಲೆಹಾಕಿ ಯುದ್ಧದ ಮಾತೇ ಎತ್ತಿತು. ಬ್ರಿಟನ್ ಪಂಚಾಯ್ತಿಗೆ ಒಪ್ಪಿತು. 1901ರ ಒಪ್ಪಂದದಲ್ಲಿ ಮಧ್ಯ ಅಮೆರಿಕದ ಹಡಗು ಕಾಲುವೆಯನ್ನು ನೀನೊಬ್ಬನೇ ಕಟ್ಟಿಕೊ ಎಂದು ಬಿಟ್ಟೂಕೊಟ್ಟಿತು. ಇಬ್ಬರದೂ ಒಂದೇ ಭಾಷೆ, ಅದಕ್ಕೇ ಹೊಂದಿಕೊಂಡರು ಎನ್ನುವವರಿದ್ದಾರೆ. ಅದೇ ಭಾಷೆಯ ಬ್ರಿಟಿಷರು 1814ರಲ್ಲಿ ವಾಷಿಂಗ್ಟನ್‌ಗೆ ನುಗ್ಗಿ ಅಧ್ಯಕ್ಷರ ಮನೆಗೇ ಬೆಂಕಿ ಇಟ್ಟಿದ್ದರು!

ಜರ್ಮನಿ ಕೈಹಾಕಿದ ಜಾಗ ಬೇರೆ. 1898 ಮತ್ತು 1900ರಲ್ಲಿ ಕಾನೂನು ಮಾಡಿ ದೊಡ್ಡ ನೌಕಾಪಡೆ ಕಟ್ಟಹೊರಟಿತು, ಅದೂ ಬ್ರಿಟನ್ನಿನ ಮನೆಯಂಗಳದ ಸಮುದ್ರದಲ್ಲಿ. ಹೊರಗಿನಿಂದ ಬರುವ ಗೋಧಿಯನ್ನೇ ನೆಚ್ಚಿದ ದ್ವೀಪ ಕಡಲ ದಾರಿಯನ್ನು ಹೇಗೆ ಬಿಟ್ಟುಕೊಟ್ಟೀತು? ಕಾಲುವೆ ಕೇಳಿದವನ ಜೊತೆ ರಾಜಿಯಾಯಿತು, ಕಡಲಿಗೆ ಬಂದವನ ಜೊತೆ 1914ರಲ್ಲಿ ಯುದ್ಧವೇ ಆಯಿತು. ಆವರೆಗೂ ಇಬ್ಬರ ನಡುವೆ ಭರ್ಜರಿ ವ್ಯಾಪಾರ ನಡೆದಿತ್ತು. ಹಾಗಾಗಿ ಕೊಡು-ಕೊಳ್ಳುವುದಿದ್ದರೆ ಜಗಳವಿರುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ.

ಇನ್ನೊಂದು, ವೈರಿಗಳನ್ನೂ ಹತ್ತಿರ ತರುವ ಮೂರನೆಯವನ ಭಯ. 1969ರಲ್ಲಿ ಉಸ್ಸುರಿ ನದಿಯ ಗಡಿಯಲ್ಲಿ ಚೀನಾ ಮತ್ತು ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡರು, ಎರಡೂ ಕಮ್ಯುನಿಸ್ಟ್ ದೇಶಗಳೇ. ಮೂರೇ ವರ್ಷಕ್ಕೆ, 1972ರ ಫೆಬ್ರುವರಿಯಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಚೀನಾದ ನಾಯಕ ಮಾವೋ ಕೈಕುಲುಕುತ್ತಿದ್ದರು.

ಈಗ ನಮ್ಮ ವಿಷಯ. ನಮಗೂ ಚೀನಾಕ್ಕೂ ನಡುವಿನ ಗಡಿ 3,488 ಕಿಲೋಮೀಟರ್, ಬದು ಎಲ್ಲಿ ಎಂಬುದೇ ತೀರ್ಮಾನವಾಗಿಲ್ಲ. ನೀವು ತೋಟದವರು, ಬದು ತಕರಾರಿರುವ ಪಕ್ಕದವನು ಶ್ರೀಮಂತನಾಗುತ್ತ ಹೋದರೆ ರಾತ್ರಿ ನಿದ್ದೆ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಅಷ್ಟಾದರೂ 2024-25ರಲ್ಲಿ ನಾವು ಅಲ್ಲಿಂದ ತರಿಸಿದ ಮಾಲು 113 ಶತಕೋಟಿ ಡಾಲರಿನದು, ಕಳಿಸಿದ್ದು 14 ಶತಕೋಟಿಯದು. ನಿಮ್ಮ ಗೊಬ್ಬರವೂ ಆ ಲೆಕ್ಕದೊಳಗೇ ಇದೆ. ಗೊಬ್ಬರ ತಡೆದದ್ದಕ್ಕೆ, ತಮ್ಮ ರೈತರಿಗೆ ಸಾಲಬೇಕಲ್ಲ ಎಂಬುದು ಅವರು ಕೊಡುವ ಕಾರಣ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ತೂಬು ಯಾರ ಕೈಯಲ್ಲಿದೆ ಎಂದು ನಮಗೆ ಗೊತ್ತಾಯಿತು. ಬ್ರಹ್ಮಪುತ್ರದ ಮೇಲ್ದಂಡೆಯಲ್ಲಿ ಅವರು 2025ರಲ್ಲಿ ಭಾರೀ ಅಣೆಕಟ್ಟಿನ ಕೆಲಸ ಶುರು ಮಾಡಿದ್ದಾರೆ. ನೀರು ಹಂಚಿಕೆಗೆ ಇಬ್ಬರ ನಡುವೆ ಒಪ್ಪಂದವಿಲ್ಲ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಹಾಗಾದರೆ ಚೀನಾಕ್ಕೆ ಎದುರಾಗಿರುವವರ ತೆಕ್ಕೆಗೆ ಬಿದ್ದುಬಿಡೋಣವೇ? ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿ ನೋಡಿ ಬರುತ್ತೇವೆ. ಆದರೆ ಮದಕರಿ ನಾಯಕ ಅದಕ್ಕೂ ಮೊದಲು ಹೈದರಾಲಿಯ ದಂಡಯಾತ್ರೆಗಳಿಗೆ ನೆರವಾಗಿದ್ದ ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಹೈದರ್ ಆಗ ಬೆಳೆಯುತ್ತಿದ್ದ ಶಕ್ತಿ. ಒಂದು ಕಡೆ ಅವನು, ಇನ್ನೊಂದು ಕಡೆ ಮರಾಠರು, ನಡುವೆ ದುರ್ಗ. 1777ರಲ್ಲಿ ಮರಾಠರೂ ನಿಜಾಮನೂ ಕೂಡಿ ಬಂದಾಗ ನಾಯಕ ಹೈದರನ ಕೈಬಿಟ್ಟ. 1779ರಲ್ಲಿ ಕೋಟೆ ಬಿತ್ತು, ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. ಅವನು ಮಾಡಿದ್ದು ತಪ್ಪೋ ಸರಿಯೋ ಎಂಬ ಜಗಳ ನಮ್ಮ ಕಡೆ ಇವತ್ತಿಗೂ ಮುಗಿದಿಲ್ಲ. ನನಗೆ ಕಾಣುವುದಿಷ್ಟು: ಇಬ್ಬರು ಬಲಿಷ್ಠರ ನಡುವೆ ಸಿಕ್ಕ ಸಣ್ಣ ರಾಜ್ಯಕ್ಕೆ ಆಯ್ಕೆಯೇ ಕಡಿಮೆ. ಚೀನಾದ ಆರ್ಥಿಕತೆ ನಮ್ಮದರ ನಾಲ್ಕು ಪಟ್ಟಿಗೂ ಹೆಚ್ಚು, ನಿಜ. ಆದರೂ ಭಾರತ ದುರ್ಗದಷ್ಟು ಸಣ್ಣದಲ್ಲ, ಪುಣ್ಯ.

ಆದ್ದರಿಂದ ನೇರ ಉತ್ತರ: ಬದು ತೀರ್ಮಾನವಾಗುವ ತನಕ ಚೀನಾ ನಮಗೆ ಎದುರಾಳಿಯೇ. ಎದುರಾಳಿಯ ಜೊತೆ ಮಾತು ಬಿಡಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ಲಡಾಖ್ ಗಡಿಯ ದೆಪ್ಸಾಂಗ್, ದೆಮ್ಚೋಕ್‌ಗಳಲ್ಲಿ ಗಸ್ತಿನ ಬಗ್ಗೆ ಒಪ್ಪಂದವಾದದ್ದು ಹಾಗೆ ಮಾತಾಡಿಯೇ. ಗೊಬ್ಬರ ಮಾತ್ರ ಒಂದೇ ಅಂಗಡಿಯಿಂದ ತರುವುದನ್ನು ದೇಶ ಬಿಡಬೇಕು. ಅದು ಎರಡು-ಮೂರು ವರ್ಷದಲ್ಲಿ ಆಗುವ ಕೆಲಸವಲ್ಲ, ಅಲ್ಲಿಯವರೆಗೆ ನಿಮ್ಮ ಅಲೆದಾಟ ತಪ್ಪದು.

ಪ್ರಶ್ನೆ: ದಾವಣಗೆರೆಯಲ್ಲಿ ಕೆಎಎಸ್‌ಗೆ ಓದುತ್ತಿದ್ದೇನೆ. ಅಮೆರಿಕದ ಲೆಕ್ಕದಲ್ಲಿ ಬೆಳೆಯುತ್ತಿರುವ ಶಕ್ತಿ ಭಾರತವೇ ಅಲ್ಲವೇ? ನಾಳೆ ನಾವೇ ಅವರಿಗೆ ಎದುರಾಳಿಯಾಗುವುದಿಲ್ಲವೇ?

ಉತ್ತರ: ಸದ್ಯಕ್ಕಿಲ್ಲ. ಅವರ ಆರ್ಥಿಕತೆಯ ಮುಂದೆ ನಮ್ಮದು ಇನ್ನೂ ಏಳನೇ ಒಂದು ಭಾಗದ ಆಸುಪಾಸು. ಆದರೆ ಮಿತ್ರರೆಂದ ಮಾತ್ರಕ್ಕೆ ಅಮೆರಿಕ ಯಾವಾಗಲೂ ರಿಯಾಯಿತಿ ಕೊಡುವುದಿಲ್ಲ. ಜಪಾನ್ ಅದರ ಸೇನಾ ನೆಲೆಗಳಿಗೆ ಜಾಗ ಕೊಟ್ಟ ದೇಶ. ಅದರ ಕಾರು, ಎಲೆಕ್ಟ್ರಾನಿಕ್ಸ್ ಮಾಲು ಅಮೆರಿಕದ ಪೇಟೆಗೆ ನುಗ್ಗಿದ ಮೇಲೆ 1985ರ ಪ್ಲಾಜಾ ಒಪ್ಪಂದದಲ್ಲಿ ಯೆನ್ ಬೆಲೆ ಏರಿಸಲು ಒಪ್ಪಿಸಲಾಯಿತು, 1987ರಲ್ಲಿ ಕೆಲವು ಸರಕಿಗೆ ಶೇ 100 ಸುಂಕವೂ ಬಿತ್ತು. ನಮಗೂ 2025ರ ಆಗಸ್ಟ್‌ನಲ್ಲಿ ಸುಂಕ ಶೇ 50 ಮುಟ್ಟಿತು, ರಷ್ಯಾದ ತೈಲ ಕೊಂಡದ್ದಕ್ಕೆ ಅರ್ಧ. ನಮ್ಮ ಮೆಕ್ಕೆಜೋಳ ನೀವೇಕೆ ಕೊಳ್ಳುವುದಿಲ್ಲ ಎಂದೂ ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಹೋಗಿ ನಿಂತರೆ ಸಾಕು.

ಪರೀಕ್ಷೆಯಲ್ಲಿ ಈ ಜಪಾನಿನ ಉದಾಹರಣೆಯನ್ನೇ ಬರೆಯಿರಿ. ಬೆಳೆಯುವ ಶಕ್ತಿ ಎಂದೊಡನೆ ಎಲ್ಲರೂ ಬರೆಯುವ ಪ್ರಾಚೀನ ಗ್ರೀಸಿನ ಅಥೆನ್ಸ್, ಸ್ಪಾರ್ಟಾ ಜಗಳ ಓದಿ ಓದಿ ಮೌಲ್ಯಮಾಪಕರಿಗೆ ಸಾಕಾಗಿರುತ್ತದೆ.