ಬೆರಳಚ್ಚು ಮತ್ತು ವ್ಯವಹಾರ ಕಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಶಿಕ್ಷಕಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎರಡು ಬೆರಳಿನಲ್ಲೇ ಸಾಕಷ್ಟು ಬೇಗ ಟೈಪ್ ಮಾಡುತ್ತಾರೆ. ಹತ್ತು ಬೆರಳು ಬಳಸಿ ಎಂದರೆ ವೇಗ ಕುಸಿಯುತ್ತದೆ ಎಂದು ಗೊಣಗುತ್ತಾರೆ. ಅವರ ಅಭ್ಯಾಸವನ್ನು ಬದಲಿಸಲೇಬೇಕೇ? ವಾರಕ್ಕೆ ಎರಡು ಪೀರಿಯಡ್‌ಗಳಲ್ಲಿ ಅದು ಸಾಧ್ಯವೇ?

ಉತ್ತರ: ಬೆರಳುಗಳನ್ನು ಎಣಿಸುವ ಮೊದಲು, ಟೈಪ್ ಮಾಡುವಾಗ ಅವರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಗಮನಿಸಿ. ಮನಸ್ಸಿಗೆ ಬಂದದ್ದನ್ನು ಬರೆಯುವಾಗ ಎರಡು ಬೆರಳಿನವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಪಕ್ಕದಲ್ಲಿ ಕೈಬರಹದ ಒಂದು ಪುಟವನ್ನಿಟ್ಟು, ಅದನ್ನು ನೋಡಿ ಟೈಪ್ ಮಾಡಿ ಎಂದಾಗ ಕೊರತೆ ಬಯಲಾಗುತ್ತದೆ. ಕಣ್ಣು ಪುಟದಿಂದ ಕೀಲಿಮಣೆಗೆ, ಅಲ್ಲಿಂದ ಪರದೆಗೆ, ಮತ್ತೆ ಪುಟಕ್ಕೆ ಓಡುತ್ತದೆ. ಹಿಂತಿರುಗುವಷ್ಟರಲ್ಲಿ ಓದುತ್ತಿದ್ದ ಸಾಲು ತಪ್ಪಿಹೋಗಿ, ಒಂದು ಸಾಲು ಬಿಟ್ಟುಹೋಗಿರುತ್ತದೆ ಅಥವಾ ಅದೇ ಸಾಲು ಎರಡು ಸಲ ಬಂದಿರುತ್ತದೆ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿಸಿದರೆ ನೀವು ವಾದ ಮಾಡಬೇಕಾದ ಪ್ರಮೇಯವೇ ಬರುವುದಿಲ್ಲ. 1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಬೆರಳಚ್ಚು ಸ್ಪರ್ಧೆಯಲ್ಲಿ ಫ್ರಾಂಕ್ ಮ್ಯಾಕ್‌ಗರಿನ್ ಗೆದ್ದದ್ದೂ ಕೀಲಿಗಳನ್ನು ನೋಡದೆ ಟೈಪ್ ಮಾಡುವ ರೂಢಿಯಿಂದಲೇ.

ಹಾಗೆಂದು ಹತ್ತು ಬೆರಳಿನ ನಿಯಮವನ್ನು ವ್ರತದಂತೆ ಹೇರುವುದು ಬೇಡ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವಾಗಿಯೇ ಕಲಿತು ಕಡಿಮೆ ಬೆರಳುಗಳನ್ನು ಬಳಸುವ ಕೆಲವರು ಕ್ರಮವಾಗಿ ಕಲಿತವರಷ್ಟೇ ವೇಗವಾಗಿದ್ದುದು ಕಂಡುಬಂದಿತು. ವೇಗವಾಗಿ ಟೈಪ್ ಮಾಡುವವರು ಒಂದು ಅಕ್ಷರಕ್ಕೆ ಪ್ರತಿ ಸಲವೂ ಅದೇ ಬೆರಳನ್ನು ಬಳಸುತ್ತಿದ್ದರು, ಕೈಯನ್ನು ಹೆಚ್ಚು ಅಲುಗಿಸುತ್ತಿರಲಿಲ್ಲ, ಮುಂದಿನ ಕೀಲಿಗೆ ಬೆರಳನ್ನು ಮೊದಲೇ ಸಿದ್ಧವಾಗಿಡುತ್ತಿದ್ದರು. ಆದರೆ ಕೀಲಿಮಣೆಯ ಕಡೆಗೆ ಕಡಿಮೆ ನೋಡುತ್ತಿದ್ದವರು ಕ್ರಮವಾಗಿ ಕಲಿತವರೇ. ಆದ್ದರಿಂದ ಆರೇ ಬೆರಳಾದರೂ ಕೆಳಗೆ ನೋಡದೆ, ತಪ್ಪಿಲ್ಲದೆ ಟೈಪ್ ಮಾಡುವ ಒಬ್ಬಿಬ್ಬರಿದ್ದರೆ ಅವರನ್ನು ಅವರ ಪಾಡಿಗೆ ಬಿಟ್ಟು, ಉಳಿದವರಿಗೆ ಮೊದಲಿನಿಂದ ಕಲಿಸಿ.

ಕಲಿಸುವಾಗ ಎಫ್ ಮತ್ತು ಜೆ ಕೀಲಿಗಳ ಮೇಲಿರುವ ಸಣ್ಣ ಉಬ್ಬುಗೆರೆಯನ್ನು ಕಣ್ಣು ಮುಚ್ಚಿ ತೋರುಬೆರಳಿನಿಂದ ಹುಡುಕಿಸಿ. ಕೈ ಎತ್ತಿ, ಮಡಿಲಲ್ಲಿಟ್ಟು, ಮತ್ತೆ ಅದೇ ಜಾಗಕ್ಕೆ ತರುವುದನ್ನು ಹತ್ತು ಸಲ ಮಾಡಿಸಿ. ಮಕ್ಕಳಿಗೆ ಇದು ಆಟದಂತಿರುತ್ತದೆ, ಆದರೆ ಮುಂದಿನ ಪಾಠವೆಲ್ಲ ನಿಲ್ಲುವುದು ಇದರ ಮೇಲೆಯೇ. ನಂತರ ಕೈಗಳ ಮೇಲೆ ತೆಳುವಾದ ಬಟ್ಟೆಯೊಂದನ್ನು ಹೊದಿಸಿ. ದೊಡ್ಡಕ್ಷರಕ್ಕಾಗಿ ಶಿಫ್ಟ್ ಒತ್ತುವಾಗ ಅಕ್ಷರ ಒತ್ತುವ ಕೈಯಿಂದಲೇ ಒತ್ತಿ ಮಣಿಕಟ್ಟನ್ನು ತಿರುಚುವ ಅಭ್ಯಾಸ ಬಹಳ ಮಂದಿಯಲ್ಲಿರುತ್ತದೆ. ಅದನ್ನು ಆರಂಭದಲ್ಲೇ ತಿದ್ದದಿದ್ದರೆ ಆಮೇಲೆ ತಿದ್ದುವುದು ಕಷ್ಟ. ಮೊದಲ ಕೆಲವು ವಾರ ವೇಗ ಇಳಿಯುವುದು ಖಂಡಿತ. ಅದನ್ನು ಮೊದಲೇ ಹೇಳಿಬಿಡಿ. ಆ ದಿನಗಳಲ್ಲಿ ವೇಗವನ್ನು ಅಳೆಯಲೇಬೇಡಿ.

ಸಮಯದ ವಿಷಯ: ಎರಡು ಪೀರಿಯಡ್‌ಗಳನ್ನು ಒಟ್ಟಿಗೆ ಟೈಪಿಂಗ್‌ಗೆ ಮೀಸಲಿಡುವ ಬದಲು, ನಿಮ್ಮ ಪ್ರತಿ ತರಗತಿಯ ಮೊದಲ 15 ನಿಮಿಷಗಳನ್ನು ಅದಕ್ಕೆ ಕೊಡಿ, ಮನೆಯಲ್ಲೋ ಬಿಡುವಿನಲ್ಲೋ ದಿನವೂ ಹತ್ತು ನಿಮಿಷದ ಅಭ್ಯಾಸ ಮಾಡಲು ಹೇಳಿ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಪ್ರಯೋಗವೊಂದನ್ನು ಬ್ಯಾಡ್ಲಿ ಮತ್ತು ಲಾಂಗ್ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳು ಸಾಕಾದವು. ತಮಾಷೆಯೆಂದರೆ ತಮ್ಮ ಕಲಿಕೆಯ ಬಗ್ಗೆ ಅತಿ ಕಡಿಮೆ ತೃಪ್ತಿಯಿದ್ದದ್ದೂ ಆ ಒಂದು ಗಂಟೆಯವರಿಗೇ. ನಿಮ್ಮ ಮಕ್ಕಳ ಗೊಣಗಾಟವನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ಮಾತನಾಡಿದರೆ ಮೊಬೈಲೇ ಬರೆದುಕೊಳ್ಳುತ್ತದೆ. ಹೀಗಿರುವಾಗ ನನ್ನ ಮಗಳು ಟೈಪಿಂಗ್‌ಗೆ ಸಮಯ ವ್ಯರ್ಥ ಮಾಡಬೇಕೇ?

ಉತ್ತರ: ನಾಲ್ಕು ಸಾಲಿನ ಸಂದೇಶಕ್ಕೆ ಮಾತು ಸಾಕು. ಅಂಕಿಗಳ ಪಟ್ಟಿಯನ್ನು ತುಂಬುವುದು, ಬರೆದದ್ದರ ನಡುವೆ ಒಂದು ಪದ ತಿದ್ದುವುದು, ಹತ್ತು ಜನ ಕುಳಿತ ಕೋಣೆಯಲ್ಲಿ ಗೋಪ್ಯ ಪತ್ರ ಬರೆಯುವುದು, ಇವು ಬಾಯಿಂದ ಆಗುವ ಕೆಲಸಗಳಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ವ್ಯವಹಾರ ಕೌಶಲವನ್ನು ಕಲಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಮಕ್ಕಳು ವ್ಯಾವಹಾರಿಕ ಪತ್ರದ ಭಾಗಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ನೆಟ್ಟಗೆ ಒಂದು ಇಮೇಲ್ ಬರೆಯಲಾರರು. ಎಲ್ಲಿಂದ ಆರಂಭಿಸಲಿ?

ಉತ್ತರ: ಬಾಯಿಪಾಠವನ್ನು ಬದಿಗಿಟ್ಟು ತರಗತಿಯನ್ನು ಎರಡು ಕಾಲ್ಪನಿಕ ಸಂಸ್ಥೆಗಳನ್ನಾಗಿ ಮಾಡಿ: ಒಂದು ಮಾರುವುದು, ಇನ್ನೊಂದು ಕೊಳ್ಳುವುದು. ದರ ವಿಚಾರಿಸುವ ಪತ್ರ, ಅದಕ್ಕೆ ಕೊಟೇಶನ್, ಆರ್ಡರ್, ಬಿಲ್, ರಸೀದಿ, ಹಣ ಬಾರದಿದ್ದರೆ ನೆನಪೋಲೆ, ಹೀಗೆ ಒಂದರ ಹಿಂದೆ ಒಂದು ಬರಲಿ, ಎಲ್ಲವನ್ನೂ ಅವರೇ ಟೈಪ್ ಮಾಡಲಿ. ಆಗ ಟೈಪಿಂಗ್ ಅಭ್ಯಾಸಕ್ಕೆ ಅರ್ಥವಿಲ್ಲದ ಅಕ್ಷರಮಾಲೆಗಳನ್ನು ಹುಡುಕಬೇಕಾಗಿಲ್ಲ.

ನೆನಪೋಲೆಯನ್ನೇ ನೋಡಿ. ವಿದ್ಯಾರ್ಥಿ ಮೊದಲ ಸಲ ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತದೆ: ‘ವಿಷಯ: ಹಣ. ಇನ್ನೂ ಹಣ ಬಂದಿಲ್ಲ, ಬೇಗ ಕಳಿಸಿ.’ ಯಾವ ಹಣ, ಎಷ್ಟು, ಎಂದಿನಿಂದ ಬಾಕಿ ಎಂದು ಓದಿದವರಿಗೆ ತಿಳಿಯುವುದಿಲ್ಲ. ‘ವಿಷಯ: ಬಿಲ್ ಸಂಖ್ಯೆ 27ರ ಬಾಕಿ ಪಾವತಿ’ ಎಂದು ಆರಂಭಿಸಿ, ಬಿಲ್ಲಿನ ದಿನಾಂಕ, ಮೊತ್ತ, ಪಾವತಿಯ ಗಡುವು ಇಷ್ಟನ್ನು ತಿಳಿಸಿ, ‘ಈಗಾಗಲೇ ಪಾವತಿಸಿದ್ದಲ್ಲಿ ಈ ಪತ್ರವನ್ನು ಗಣಿಸಬೇಕಾಗಿಲ್ಲ’ ಎಂದು ಮುಗಿಸಲು ಹೇಳಿ. ಹಣ ಕಳಿಸಿಯಾದ ಮೇಲೆ ಇಂಥ ಪತ್ರ ಕೈಸೇರಿದವರ ಸಿಟ್ಟನ್ನು ಆ ಕೊನೆಯ ವಾಕ್ಯ ತಣಿಸುತ್ತದೆ.

ಬಿಲ್ಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿಸಿ. ಕೆಲವರು ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಮಾಡಿ ಮೊತ್ತವನ್ನು ಕೈಯಾರೆ ತುಂಬಿರುತ್ತಾರೆ. ಬೈಯಬೇಡಿ, 12 ಪೆಟ್ಟಿಗೆ ಎಂದಿರುವಲ್ಲಿ 15 ಎಂದು ಬದಲಿಸಿ ಸುಮ್ಮನಿರಿ. ಮೊತ್ತ ಅಲುಗದೆ ಕೂತಿರುವುದನ್ನು ನೋಡಿದಾಗ ಸೂತ್ರ ಏಕೆ ಬೇಕೆಂಬುದು ಅವರಿಗೇ ಹೊಳೆಯುತ್ತದೆ.

ಅಂಕ ಕೊಡುವಾಗ ಟೈಪಿಂಗ್ ಪರೀಕ್ಷೆಯ ಲೆಕ್ಕವನ್ನೇ ನಂಬಬೇಡಿ. ಅಲ್ಲಿ ಕೀಲಿಯ ಐದು ಒತ್ತುಗಳನ್ನು ಒಂದು ಪದವೆಂದು ಎಣಿಸುತ್ತಾರೆ. ಐದು ನಿಮಿಷದಲ್ಲಿ 1,000 ಒತ್ತುಗಳಾದರೆ ನಿಮಿಷಕ್ಕೆ 40 ಪದಗಳ ವೇಗ. ತಿದ್ದದೆ ಉಳಿದ 15 ತಪ್ಪುಗಳಿದ್ದರೆ ನಿಮಿಷಕ್ಕೆ ಮೂರರಂತೆ ಕಳೆದು 37 ಎನ್ನುತ್ತಾರೆ. ಆ ಹದಿನೈದರಲ್ಲಿ ಒಂದು ಬಿಲ್ಲಿನ ಮೊತ್ತದಲ್ಲಿದ್ದರೆ ಈ ಲೆಕ್ಕ ನಗೆಪಾಟಲಾಗುತ್ತದೆ. ಅಂಕಿ ತಪ್ಪಿದ ಕಾಗದವನ್ನು ಇಡಿಯಾಗಿ ಹಿಂದಿರುಗಿಸಿ.

ಕೊನೆಗೆ ಲೆಕ್ಕಪತ್ರ. ಪ್ರತಿ ವ್ಯವಹಾರವನ್ನೂ ಎರಡು ಕಡೆ ದಾಖಲಿಸುವ ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಚೋಲಿ 1494ರಲ್ಲೇ ವೆನಿಸ್‌ನಲ್ಲಿ ಮುದ್ರಣವಾದ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿದ್ದ. ಇಂದಿನ ತಂತ್ರಾಂಶಗಳ ಒಳಗಿರುವುದೂ ಅದೇ. ತಿಂಗಳ ಕೊನೆಯಲ್ಲಿ ಮಾರುವ ತಂಡದ ಪುಸ್ತಕದಲ್ಲಿ ಬರಬೇಕಾದ ಹಣವೂ ಕೊಳ್ಳುವ ತಂಡದ ಪುಸ್ತಕದಲ್ಲಿ ಕೊಡಬೇಕಾದ ಹಣವೂ ತಾಳೆಯಾಗುತ್ತವೆಯೇ ಎಂದು ಎದುರುಬದುರು ಕೂರಿಸಿ ನೋಡಿಸಿ. ತಾಳೆಯಾಗದಿದ್ದರೆ ಇಡೀ ತಿಂಗಳ ಪತ್ರಗಳನ್ನೂ ಬಿಲ್ಲುಗಳನ್ನೂ ತೆಗೆದು ಅವರೇ ಹುಡುಕಲಿ. ತಪ್ಪು ಎಲ್ಲಿದೆ ಎಂಬುದು ನಿಮಗೆ ಮೊದಲೇ ಕಂಡಿದ್ದರೂ ಬಾಯಿ ಬಿಡಬೇಡಿ.