ಬಣ್ಣಕ್ಕಿಂತ ಮೊದಲು, ಯಾವ ಸಂಖ್ಯೆಯಿಂದ ಭಾಗಿಸುತ್ತೀರಿ?

ಜಿಲ್ಲೆವಾರು ಕೋವಿಡ್ ಕೇಸು ಮತ್ತು ಲಸಿಕೆಯ ವ್ಯತ್ಯಾಸವನ್ನು ನಕ್ಷೆಯಲ್ಲಿ ತೋರಿಸಬೇಕು, ಯಾವ ಬಣ್ಣ ಹಾಕಲಿ ಅಂತ ಕೇಳಿದ್ದೀರಿ. ಬಣ್ಣದ ಮಾತು ಆಮೇಲೆ. ಕೇಸುಗಳನ್ನು ಯಾವ ಸಂಖ್ಯೆಯಿಂದ ಭಾಗಿಸುತ್ತೀರಿ ಅನ್ನೋದು ಮೊದಲು ತೀರ್ಮಾನವಾಗಲಿ.

ನಾನು ಮೊದಲ ಸಲ ಇಂಥ ನಕ್ಷೆ ಮಾಡಿದಾಗ ಒಟ್ಟು ಕೇಸುಗಳನ್ನೇ ಹಾಕಿ ಬಣ್ಣ ತುಂಬಿದ್ದೆ. ಪಕ್ಕದಲ್ಲಿ ಜನಸಂಖ್ಯೆಯ ನಕ್ಷೆ ಇಟ್ಟು ನೋಡಿದರೆ ಎರಡೂ ಒಂದೇ ಥರ ಕಂಡವು. ಜನ ಜಾಸ್ತಿ ಇರುವ ಕಡೆ ಕೇಸೂ ಜಾಸ್ತಿ, ಅಷ್ಟನ್ನೇ ಅದು ಹೇಳುತ್ತಿತ್ತು. ಒಟ್ಟು ಸಂಖ್ಯೆಯನ್ನೇ ತೋರಿಸಬೇಕಿದ್ದರೆ ದೊಡ್ಡ-ಚಿಕ್ಕ ವೃತ್ತಗಳನ್ನು ಬಳಸಿ. 2020ರ ಜನವರಿಯಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೋವಿಡ್ ಲೆಕ್ಕದ ವೆಬ್ ಪುಟ, ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ ಕಪ್ಪು ನಕ್ಷೆಯ ಮೇಲೆ ಕೆಂಪು ವೃತ್ತಗಳಿದ್ದವಲ್ವಾ, ಹಾಗೆ. ಬಣ್ಣ ತುಂಬುವುದಾದರೆ ಲಕ್ಷ ಜನರಿಗೆ ಎಷ್ಟು ಕೇಸು ಅನ್ನುವ ದರವೇ ಬೇಕು. ಅದೂ 7 ದಿನದ ಸರಾಸರಿ, ಯಾಕೆಂದರೆ ರಜೆಯ ದಿನ ಟೆಸ್ಟ್ ಕಡಿಮೆಯಾಗಿ ಕೇಸೂ ಕಡಿಮೆ ಕಾಣುತ್ತವೆ.

ದರ ಹಾಕಿದರೂ ಎಡವುವ ಜಾಗ ಒಂದಿದೆ. 500 ಜನರ ಹಳ್ಳಿಯಲ್ಲಿ 2 ಕೇಸು ಬಂದರೆ ಲಕ್ಷಕ್ಕೆ 400. 10 ಲಕ್ಷ ಜನರ ನಗರದಲ್ಲಿ 1000 ಕೇಸು ಬಂದರೆ ಲಕ್ಷಕ್ಕೆ 100. ನಕ್ಷೆಯಲ್ಲಿ ಹಳ್ಳಿ ಕಡುಗೆಂಪು, ನಗರ ತಿಳಿಗೆಂಪು. ಆ ಹಳ್ಳಿಯಲ್ಲಿ ಒಂದೇ ಮನೆಯ ಗಂಡ-ಹೆಂಡತಿ ಮಲಗಿರಬಹುದು, ಅಷ್ಟೇ. ಮುಂದಿನ ವಾರ ಅಲ್ಲಿ ಸೊನ್ನೆ. ಹಾಗಾಗಿ ಚಿಕ್ಕ ಪ್ರದೇಶಗಳನ್ನು ಅಕ್ಕಪಕ್ಕದವುಗಳ ಜೊತೆ ಸೇರಿಸಿ, ಇಲ್ಲವೇ ಒಂದು ವಾರದ ಬದಲು ನಾಲ್ಕು ವಾರದ ಲೆಕ್ಕ ತೆಗೆದುಕೊಳ್ಳಿ. ಇನ್ನೊಂದು ವಿಷಯ: ಕೇಸು ಅಂದರೆ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದ ಸೋಂಕು ಮಾತ್ರ. ಟೆಸ್ಟೇ ಮಾಡದ ಜಿಲ್ಲೆ ನಕ್ಷೆಯಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ನೂರು ಟೆಸ್ಟ್‌ಗೆ ಎಷ್ಟು ಪಾಸಿಟಿವ್ ಅನ್ನುವ ನಕ್ಷೆಯನ್ನೂ ದಯವಿಟ್ಟು ಜೊತೆಗಿಡಿ.

ಲಸಿಕೆಯ ನಕ್ಷೆಯಲ್ಲಿ ನನಗೆ ಎದುರಾದ ದೊಡ್ಡ ತಲೆನೋವು, ಲಸಿಕೆ ಪಡೆದವರ ಪ್ರಮಾಣ ಶೇ. 100 ದಾಟಿದ ಜಿಲ್ಲೆಗಳು. ಪಕ್ಕದ ಜಿಲ್ಲೆಯವರು ಬಂದು ಹಾಕಿಸಿಕೊಂಡಿರುತ್ತಾರೆ, ಲೆಕ್ಕ ಮಾತ್ರ ಕೇಂದ್ರ ಇರುವ ಕಡೆ ಸೇರಿರುತ್ತದೆ. ಜನಸಂಖ್ಯೆಯೋ ಹಳೇ ಜನಗಣತಿಯದು. ಅದನ್ನು ಸುಮ್ನೆ 100ಕ್ಕೆ ಕತ್ತರಿಸಿಬಿಡಬೇಡಿ, ಬೇರೆ ಗುರುತು ಹಾಕಿ ಕೆಳಗೆ ಕಾರಣ ಬರೆಯಿರಿ. ಡೋಸ್‌ಗಳ ಸಂಖ್ಯೆ ಬೇರೆ, ಡೋಸ್ ಪಡೆದವರ ಸಂಖ್ಯೆ ಬೇರೆ. ಭಾಗಿಸಿದ್ದು ಎಲ್ಲ ಜನರಿಂದಲೋ, ಲಸಿಕೆಗೆ ಅರ್ಹ ವಯಸ್ಸಿನವರಿಂದಲೋ ಅನ್ನುವುದನ್ನೂ ಬರೆಯಿರಿ.

ಎರಡೂ ನಕ್ಷೆ ಪಕ್ಕಪಕ್ಕ ಇಟ್ಟಾಗ ಲಸಿಕೆ ಜಾಸ್ತಿ ಇರುವ ಕಡೆ ಕೇಸೂ ಜಾಸ್ತಿ ಕಾಣಬಹುದು. ಅದನ್ನು ನೋಡಿ ‘ಲಸಿಕೆ ಕೆಲಸ ಮಾಡಲ್ಲ’ ಅನ್ನುವವರು ಖಂಡಿತ ಇರುತ್ತಾರೆ. ಅಲ್ಲಿ ವಯಸ್ಸಾದವರು ಹೆಚ್ಚಿರಬಹುದು, ಟೆಸ್ಟ್ ಹೆಚ್ಚಿರಬಹುದು, ಅಲೆ ಎದ್ದ ಮೇಲೆ ಹೆದರಿ ಲಸಿಕೆಗೆ ಸಾಲು ನಿಂತಿರಬಹುದು. ಲಸಿಕೆಯ ಪರಿಣಾಮ ತಿಳಿಯಲು ಒಂದೇ ವಯಸ್ಸಿನ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಈ ಮಾತನ್ನು ನಕ್ಷೆಯ ಕೆಳಗೇ ಹಾಕಿ.

ಇನ್ನು ಬಣ್ಣ. ಒಂದೇ ಬಣ್ಣ, ತಿಳಿಯಿಂದ ಕಡುಬಣ್ಣಕ್ಕೆ. ಕೆಂಪು-ಹಸಿರು ಜೋಡಿ ಬೇಡ, ಎರಡರ ವ್ಯತ್ಯಾಸ ಕಾಣದವರು ಬಹಳ ಜನ ಇದ್ದಾರೆ. ಎಲ್ಲ ವಾರಗಳ ನಕ್ಷೆಗೂ ಅದೇ ಅಳತೆ ಇರಲಿ, ಅಂದರೆ ಒಂದು ಬಣ್ಣಕ್ಕೆ ಪ್ರತಿ ವಾರವೂ ಅದೇ ದರ. ಮಾಹಿತಿ ಬಾರದ ಜಿಲ್ಲೆಗೆ ಬೂದು ಬಣ್ಣ ಹಾಕಿ. ತಿಳಿಬಣ್ಣ ಹಾಕಿದರೆ ಅಲ್ಲಿ ಕೇಸೇ ಇಲ್ಲ ಅಂದುಕೊಳ್ಳುತ್ತಾರೆ.