ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬಹುದಾ?

ಅಪ್ಪನ 2012ರ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10 ತೆವಳುತ್ತಿದೆ, ಅದರ ಬದಲು ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹಾಕಲಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹಾಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಷ್ಟು ಹಳೇ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಂತ ಗುಜರಿಗೆ ಕೊಡಬೇಡಿ, ಅದರಲ್ಲಿ ಇನ್ನೂ ಜೀವ ಇದೆ.

ನಮ್ಮ ಮಾವನವರ ಲ್ಯಾಪ್‌ಟಾಪ್ ನಿಮ್ಮದಕ್ಕಿಂತ ಒಂದು ವರ್ಷ ಹಳೆಯದು. ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿಕೊಟ್ಟೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾಕುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಆಮೇಲೆ.

ಅವರು ನಿವೃತ್ತ ಮೇಷ್ಟ್ರು. ಪಾಠದ ಟಿಪ್ಪಣಿಗಳನ್ನೆಲ್ಲ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಫೈಲುಗಳನ್ನು ಜೋಪಾನವಾಗಿ ಬ್ಯಾಕಪ್ ಮಾಡಿದ್ದೆ. ಮಿಂಟ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ! ಬಾಲ, ಕೊಂಬು ಇರುವ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಏನೂ ಮಾತಾಡಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ.

ಆಗಿದ್ದು ಇಷ್ಟು. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಪದ್ಧತಿ. ಅದಕ್ಕೆ ಮುಂಚಿನ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಕಾಣುತ್ತದೆ. ಇನ್ನೊಂದು ಕಂಪ್ಯೂಟರ್‌ನಿಂದ ನುಡಿ ಫಾಂಟ್‌ಗಳನ್ನು ತಂದು ಹಾಕಿದ ಮೇಲೆ ಪುಟಗಳು ಸರಿಯಾದವು. ನೀವು ವಿಂಡೋಸ್ ಅಳಿಸುವ ಮೊದಲೇ ಅಪ್ಪನ ಫೈಲುಗಳನ್ನು ನೋಡಿ. ಇಂಥವು ಇದ್ದರೆ ಫಾಂಟ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಸಮಯ ಇದ್ದರೆ ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿ, ಅದೇ ಒಳ್ಳೆಯದು.

ಟೈಪಿಂಗ್ ಬಗ್ಗೆ ಯೋಚನೆ ಬೇಡ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್ ತಂತ್ರಾಂಶಕ್ಕೆ ಎಂ17ಎನ್ ಎಂಬ ಪ್ಯಾಕೇಜ್ ಸೇರಿಸಿ, ಕನ್ನಡದಲ್ಲಿ ಕೆಜಿಪಿ ಆರಿಸಿ. ನುಡಿಯ ಕೀಲಿಮಣೆ ವಿನ್ಯಾಸವೇ ಅದು. ಅಪ್ಪನ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ.

ಹಾಕುವ ವಿಧಾನ ಸುಲಭ. ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಅನ್ನು ವಿಂಡೋಸ್‌ನ ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ, ಆ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಬೂಟ್ (ಶುರು) ಮಾಡಿ. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಏನೂ ಅಳಿಸದೆ ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ ಅಲ್ವಾ, ಒಂದು ಸಂಜೆ ಬಳಸಿ ನೋಡಿ. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಪರೀಕ್ಷಿಸಿ. ಕೆಲವು ಹಳೇ ವೈಫೈ ಚಿಪ್‌ಗಳಿಗೆ ಬೇರೆ ಡ್ರೈವರ್ (ಆ ಚಿಪ್ ನಡೆಸುವ ಸಣ್ಣ ತಂತ್ರಾಂಶ) ಬೇಕು. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ಹುಡುಕಿ.

ಒಳಗೆ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದರ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ. ವೇಗದ ವಿಷಯದಲ್ಲಿ ಲಿನಕ್ಸ್‌ಗಿಂತ ಜಾಸ್ತಿ ವ್ಯತ್ಯಾಸ ಅದೇ ಮಾಡುತ್ತದೆ. ಹಳೇ ಡಿಸ್ಕ್ ಬಿಸಾಡಬೇಡಿ. ಅಪ್ಪನ ಫೈಲುಗಳೆಲ್ಲ ಹೊಸದರಲ್ಲಿ ಸರಿಯಾಗಿ ತೆರೆಯುವವರೆಗೆ ಹಾಗೇ ಇಟ್ಟಿರಿ.